ಗ್ನೂಪ್ಲಾಟ್ ಆವೃತ್ತಿ ಬದಲಾದಾಗ ನಾಲೆ ನೀರಿನ ಲೆಕ್ಕ: ಮಂಡ್ಯದ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ವಿಶ್ವೇಶ್ವರಯ್ಯ ನಾಲೆಯ ಒಂದು ವಿತರಣಾ ನಾಲೆಯಲ್ಲಿ ಕೊನೆಯ ಭಾಗದ ಹಳ್ಳಿಗಳಿಗೆ ಎಷ್ಟು ನೀರು ಯಾವಾಗ ತಲುಪುತ್ತದೆ ಎಂಬುದನ್ನು ದಾಖಲಿಸುವ ಸಣ್ಣ ಅಧ್ಯಯನ ತಂಡವೊಂದು ಮಂಡ್ಯ ತಾಲ್ಲೂಕಿನಲ್ಲಿ ಕೆಲವು ವರ್ಷಗಳಿಂದ ಕೆಲಸ ಮಾಡುತ್ತಿದೆ. ಕೆ.ಆರ್.ಎಸ್. ಜಲಾಶಯದಿಂದ ಹೊರಟು ಹುಲಿಕೆರೆ ಸುರಂಗವನ್ನು ದಾಟಿ ಬರುವ ನೀರು ಮೇಲ್ಭಾಗದ ಭತ್ತ, ಕಬ್ಬಿನ ಗದ್ದೆಗಳನ್ನು ತಣಿಸಿದ ಮೇಲೆ ಬಾಲದ ಊರುಗಳಿಗೆ ಉಳಿಯುವುದು ಎಷ್ಟು ಎಂಬುದು ಇಲ್ಲಿ ಪ್ರತಿ ಹಂಗಾಮಿನಲ್ಲೂ ಏಳುವ ಪ್ರಶ್ನೆ. ಜಲಾಶಯದಲ್ಲಿ ನೀರು ಕಡಿಮೆಯಿರುವ ವರ್ಷಗಳಲ್ಲಿ ಕಟ್ಟು ಪದ್ಧತಿಯಂತೆ ಸರದಿಯ ಮೇಲೆ ನೀರು ಬಿಡುವುದರಿಂದ, ಯಾವ ಸರದಿಯಲ್ಲಿ ಎಷ್ಟು ನೀರು ಬಂತು ಎಂಬುದರ ನಂಬಲರ್ಹ ಲೆಕ್ಕ ಇರುವುದು ರೈತರಿಗೂ ಅಧಿಕಾರಿಗಳಿಗೂ ಬೇಕಾದ ಸಂಗತಿ. ತಂಡದ ಗ್ರಾಫ್‌ಗಳು ನೀರು ಬಳಕೆದಾರರ ಸಭೆಗಳಲ್ಲಿ ಗೋಡೆಗೆ ಹಚ್ಚಲ್ಪಡುತ್ತವೆ, ಅವುಗಳ ಆಧಾರದ ಮೇಲೆ ವಾದ ನಡೆಯುತ್ತದೆ. ಆದ್ದರಿಂದ ಅವುಗಳಲ್ಲಿ ಒಂದು ದಿನದ ವ್ಯತ್ಯಾಸ ಬಂದರೂ ಅದನ್ನು ಸಣ್ಣದೆಂದು ಬಿಡುವಂತಿಲ್ಲ.

ತಂಡಕ್ಕೆ ಮಾಹಿತಿ ಮೂರು ಕಡೆಯಿಂದ ಬರುತ್ತದೆ. ತೂಬಿನ ಬಳಿ ಕೂರಿಸಿದ ಲಾಗರ್ ಹದಿನೈದು ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನೂ ಪಕ್ಕದ ಮಳೆಮಾಪಕದ ಬಟ್ಟಲು ಎಷ್ಟು ಬಾರಿ ಮಗುಚಿತು ಎಂಬುದನ್ನೂ ಬರೆದಿಡುತ್ತದೆ. ಒಂದು ಮಗುಚುವಿಕೆ ಎಂದರೆ 0.2 ಮಿಲಿಮೀಟರ್ ಮಳೆ. ಜಲಾಶಯದ ದೈನಂದಿನ ಮಟ್ಟವನ್ನು, ಅಂದರೆ ಗರಿಷ್ಠ 124.80 ಅಡಿಗೆ ಎದುರಾಗಿ ಅಂದಿನ ಅಡಿಯನ್ನು, ಸಂಶೋಧನಾ ಸಹಾಯಕಿಯೊಬ್ಬರು ದಿನಾಂಕದೊಂದಿಗೆ ಕೈಯಾರೆ ನಮೂದಿಸುತ್ತಾರೆ. ಮೂರನೆಯದು ತೂಬು ಎತ್ತಿ ಇಳಿಸುವ ನೀರುಗಂಟಿಯ ವಹಿ. ಮೊದಲೆರಡನ್ನು ಓದಿ ಗ್ರಾಫ್ ಬಿಡಿಸಲು ಗ್ನೂಪ್ಲಾಟ್ ತಂತ್ರಾಂಶದ ಸ್ಕ್ರಿಪ್ಟ್‌ಗಳು, ಅಂದರೆ ಆದೇಶಗಳನ್ನು ಬರೆದಿಟ್ಟ ಫೈಲ್‌ಗಳು, ಇದ್ದವು. ಅವುಗಳನ್ನು ಬರೆದವರು ತಂಡ ಬಿಟ್ಟು ಬೇರೆ ಊರಿಗೆ ಹೋಗಿದ್ದರು. ಸ್ಕ್ರಿಪ್ಟ್‌ಗಳು ತಕರಾರಿಲ್ಲದೆ ನಡೆಯುತ್ತಿದ್ದುದರಿಂದ ಅವುಗಳೊಳಗೆ ಏನಿದೆ ಎಂದು ತೆರೆದು ನೋಡುವ ಪ್ರಸಂಗ ಯಾರಿಗೂ ಬಂದಿರಲಿಲ್ಲ.

ತಂಡದ ಕಂಪ್ಯೂಟರಿನಲ್ಲಿದ್ದ ಕಾರ್ಯಾಚರಣಾ ವ್ಯವಸ್ಥೆ ಉಬುಂಟು 14.04, ಅದರೊಂದಿಗೆ ಬಂದಿದ್ದ ಗ್ನೂಪ್ಲಾಟ್ 4.6. ಯಂತ್ರ ಹಳೆಯದಾಗಿ, ಆ ಉಬುಂಟು ಆವೃತ್ತಿಗೆ ಸಾಮಾನ್ಯ ಬೆಂಬಲವೂ 2019ರಲ್ಲೇ ನಿಂತಿದ್ದರಿಂದ, ಹೊಸ ಯಂತ್ರಕ್ಕೆ ಉಬುಂಟು 22.04 ಹಾಕಲಾಯಿತು. ಅದರೊಂದಿಗೆ ಗ್ನೂಪ್ಲಾಟ್ 5.4 ಬಂತು. ನಡುವೆ 2015ರ ಆರಂಭದಲ್ಲಿ ಬಂದ 5.0 ಆವೃತ್ತಿಯನ್ನು ತಂಡ ಬಳಸಿಯೇ ಇರಲಿಲ್ಲ. ಆ ಆವೃತ್ತಿಯಲ್ಲಿ ಆದ ಬದಲಾವಣೆಗಳೆಲ್ಲವೂ ಒಂದೇ ಜಿಗಿತದಲ್ಲಿ ಇವರ ಮೇಲೆ ಬಂದವು.

ಮೊದಲು ಕಂಡದ್ದು

ಎಲ್ಲ ಸ್ಕ್ರಿಪ್ಟ್‌ಗಳೂ ಹೊಸ ಯಂತ್ರದಲ್ಲಿ ಒಂದೇ ಒಂದು ದೋಷ ಸಂದೇಶವಿಲ್ಲದೆ ನಡೆದವು. ಈ ಪ್ರಕರಣದಲ್ಲಿ ಅತ್ಯಂತ ಗಂಭೀರವಾದ ಸಂಗತಿ ಇದೇ ಎಂದು ನಾನು ಭಾವಿಸುತ್ತೇನೆ. ಸ್ಕ್ರಿಪ್ಟ್ ನಿಂತುಹೋಗಿದ್ದರೆ ಅದೇ ದಿನ ಯಾರಾದರೂ ಒಳಗೆ ನೋಡುತ್ತಿದ್ದರು.

ಕಣ್ಣಿಗೆ ತಕ್ಷಣ ಬಿದ್ದವು ಹೊರಗಿನ ವ್ಯತ್ಯಾಸಗಳು. ವರದಿಯ ಬರಹದಲ್ಲಿ ‘ಕೆಂಪು ಗೆರೆ ನಾಲೆಯ ಮಟ್ಟ’ ಎಂದಿದ್ದರೆ ಗ್ರಾಫಿನಲ್ಲಿ ಆ ಗೆರೆ ನೇರಳೆಯಾಗಿತ್ತು, 5.0ರಿಂದ ಗ್ನೂಪ್ಲಾಟ್ ತನ್ನ ಬಣ್ಣಗಳ ಸಾಲನ್ನು ಬದಲಿಸಿದೆ, ಹಳೆಯ ಸಾಲು ಬೇಕಾದವರು ‘ಕಲರ್‌ಸೀಕ್ವೆನ್ಸ್ ಕ್ಲಾಸಿಕ್’ ಎಂದು ಕೇಳಬೇಕು. ಫೈಲಿನ ಹೆಸರಿನಲ್ಲಿದ್ದ ಅಡಿಗೆರೆಯ ಮುಂದಿನ ಅಕ್ಷರ, ಗೆರೆಗಳ ಹೆಸರು ತೋರಿಸುವ ಸೂಚಿಯಲ್ಲಿ ಪುಟ್ಟದಾಗಿ ಕೆಳಗಿಳಿದು ಕೂತಿತ್ತು. ಮೇಲಕ್ಷರ, ಕೆಳಕ್ಷರಗಳನ್ನು ಗುರುತಿಸುವ ‘ಎನ್‌ಹಾನ್ಸ್ಡ್’ ಪಠ್ಯ ಈಗ ಕೇಳದೆಯೇ ಚಾಲೂ ಇರುವುದು ಅದಕ್ಕೆ ಕಾರಣ. ಕಪ್ಪು-ಬಿಳುಪು ಮುದ್ರಣಕ್ಕಾಗಿ ಗೆರೆಯ ಬಗೆಯ ಸಂಖ್ಯೆಯನ್ನು ಕೊಟ್ಟು ಪಡೆಯುತ್ತಿದ್ದ ತುಂಡುಗೆರೆಗಳು ಮಾಯವಾಗಿದ್ದವು. ಅದಕ್ಕೆ ಈಗ ‘ಡ್ಯಾಶ್‌ಟೈಪ್’ ಎಂಬ ಪ್ರತ್ಯೇಕ ಸೂಚನೆ ಬೇಕು. ಇವೆಲ್ಲವನ್ನೂ ಒಂದು ಮಧ್ಯಾಹ್ನದಲ್ಲಿ ಸರಿಪಡಿಸಬಹುದಿತ್ತು, ಸರಿಪಡಿಸಿದ್ದೂ ಆಯಿತು.

ಇದಕ್ಕಿಂತ ವಿಚಿತ್ರವಾದದ್ದು ಜಲಾಶಯದ ಮಟ್ಟ ಮತ್ತು ನಾಲೆಯ ಮಟ್ಟ ಎರಡನ್ನೂ ಒಟ್ಟಿಗೆ ತೋರಿಸುವ ಗ್ರಾಫ್. ಅದರಲ್ಲಿ ಜಲಾಶಯದ ಗೆರೆ ಇತ್ತು, ನಾಲೆಯ ಗೆರೆ ಇರಲಿಲ್ಲ. ಆದರೆ ನಾಲೆಯ ಮಟ್ಟವನ್ನಷ್ಟೇ ತೋರಿಸುವ ಗ್ರಾಫ್ ಮಾತ್ರ ಎಂದಿನಂತೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಏರಿಳಿತಗಳೊಂದಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಹೀಗಾಗಿ ಲಾಗರ್ ಫೈಲ್ ಸರಿಯಿದೆ, ಜೋಡಿ ಗ್ರಾಫಿನ ಸ್ಕ್ರಿಪ್ಟಿನಲ್ಲಿ ಮಾತ್ರ ಏನೋ ಕೆಟ್ಟಿದೆ ಎಂದು ತಂಡದವರು ಭಾವಿಸಿದ್ದು ಸಹಜವೇ.

ಕಾರಣ

ಲಾಗರ್ ಫೈಲಿನ ಒಂದು ಸಾಲನ್ನು ಹತ್ತಿರದಿಂದ ನೋಡಿದರೆ ವಿಷಯ ತಿಳಿಯುತ್ತದೆ. ಸಾಲಿನ ಮೊದಲ ಕಾಲಮಿನಲ್ಲಿ 1470009600 ಎಂದಿದೆ. ಇದು ಯುನಿಕ್ಸ್ ಕಾಲಮಾನ, ಅಂದರೆ 1970ರ ಜನವರಿ 1ರ ಮಧ್ಯರಾತ್ರಿಯಿಂದ ಅಂತರರಾಷ್ಟ್ರೀಯ ಸಮಯದ ಪ್ರಕಾರ ಎಣಿಸಿದ ಸೆಕೆಂಡುಗಳು. ಬಿಡಿಸಿದರೆ ಇದು 2016ರ ಆಗಸ್ಟ್ 1ರ 0 ಗಂಟೆ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5:30. ಗ್ನೂಪ್ಲಾಟ್ ಕೂಡ ಕಾಲವನ್ನು ಒಳಗೆ ಸೆಕೆಂಡುಗಳಲ್ಲೇ ಇಟ್ಟುಕೊಳ್ಳುತ್ತದೆ, ಆದರೆ 4ರ ಸರಣಿಯ ಆವೃತ್ತಿಗಳಲ್ಲಿ ಅದರ ಎಣಿಕೆ 2000ದ ಜನವರಿ 1ರಿಂದ ಶುರುವಾಗುತ್ತಿತ್ತು. ಎರಡರ ನಡುವಿನ ಅಂತರ 10957 ದಿನಗಳು, ಅಂದರೆ 946684800 ಸೆಕೆಂಡುಗಳು. ಹಾಗಾಗಿ ಸ್ಕ್ರಿಪ್ಟ್ ಬರೆದವರು ಪ್ರತಿ ಸಾಲನ್ನೂ ಓದುವಾಗ ಮೊದಲ ಕಾಲಮಿನಿಂದ 946684800 ಕಳೆದು, ಭಾರತೀಯ ಸಮಯಕ್ಕಾಗಿ ಐದೂವರೆ ಗಂಟೆಯ 19800 ಸೆಕೆಂಡುಗಳನ್ನು ಕೂಡಿಸಿದ್ದರು. ಆ ಕಾಲಕ್ಕೆ ಅದು ಸರಿಯಾದ ಲೆಕ್ಕವೇ.

5.0ರಿಂದ ಗ್ನೂಪ್ಲಾಟ್ ತನ್ನ ಎಣಿಕೆಯ ಮೂಲವನ್ನು 1970ಕ್ಕೆ ತಂದುಕೊಂಡು ಯುನಿಕ್ಸ್ ಪದ್ಧತಿಯೊಂದಿಗೆ ಹೊಂದಿಸಿಕೊಂಡಿತು. ಒಳ್ಳೆಯ ನಿರ್ಧಾರವೇ, ಏಕೆಂದರೆ ಉಪಕರಣಗಳಿಂದ ಬರುವ ಬಹುಪಾಲು ದತ್ತಾಂಶ ಅದೇ ಕಾಲಮಾನದಲ್ಲಿರುತ್ತದೆ. ಆದರೆ ಹಳೆಯ ಸ್ಕ್ರಿಪ್ಟ್ ಇದನ್ನು ಅರಿಯದೆ ಇನ್ನೂ 946684800 ಕಳೆಯುತ್ತಲೇ ಇತ್ತು. ಪರಿಣಾಮವಾಗಿ 2016ರ ಆಗಸ್ಟ್ 1ರ ಅಳತೆ 1986ರ ಆಗಸ್ಟ್ 2ಕ್ಕೆ ಹೋಯಿತು. ಮೂವತ್ತು ವರ್ಷಗಳ ಜೊತೆಗೆ ಒಂದು ದಿನವೂ ಸರಿಯಲು ಕಾರಣ ಅಧಿಕ ವರ್ಷ: 2016ಕ್ಕೆ ಫೆಬ್ರವರಿ 29 ಇದೆ, 1986ಕ್ಕೆ ಇಲ್ಲ. ಎಲ್ಲ ವರ್ಷಗಳಲ್ಲೂ ಹೀಗಾಗುವುದಿಲ್ಲ. 2018ರ ಆಗಸ್ಟ್ 1ರ ಅಳತೆ 1988ರ ಆಗಸ್ಟ್ 1ಕ್ಕೇ ಬೀಳುತ್ತದೆ.

ನಾಲೆಯೊಂದರ ಗ್ರಾಫ್ ಚೆನ್ನಾಗಿ ಕಂಡದ್ದು ಏಕೆಂದು ಈಗ ಸ್ಪಷ್ಟವಾಗುತ್ತದೆ. ಆ ಗ್ರಾಫಿನ ಅಡ್ಡ ಅಕ್ಷದಲ್ಲಿ ದಿನ ಮತ್ತು ತಿಂಗಳನ್ನು ಮಾತ್ರ ಬರೆಯಲಾಗಿತ್ತು, ವರ್ಷವನ್ನು ಬರೆದಿರಲಿಲ್ಲ. ಅಕ್ಷದ ವ್ಯಾಪ್ತಿಯನ್ನೂ ತಂತ್ರಾಂಶವೇ ದತ್ತಾಂಶಕ್ಕೆ ತಕ್ಕಂತೆ ನಿರ್ಧರಿಸುತ್ತಿತ್ತು. 1986ರ ಜೂನ್‌ಗೂ 2016ರ ಜೂನ್‌ಗೂ ಅಂಥ ಗ್ರಾಫಿನಲ್ಲಿ ನೋಡುವವರ ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲ. ಜೋಡಿ ಗ್ರಾಫಿನಲ್ಲಿ ಹಾಗಲ್ಲ. ಜಲಾಶಯದ ಫೈಲಿನಲ್ಲಿ ದಿನಾಂಕ ಅಕ್ಷರಗಳಲ್ಲೇ ಇದ್ದು, ಅದನ್ನು ಓದುವ ರೂಪವನ್ನು ‘ಟೈಮ್‌ಫಾರ್ಮ್ಯಾಟ್’ ಮೂಲಕ ತಿಳಿಸಲಾಗಿತ್ತು, ಅಕ್ಷದ ಎರಡು ತುದಿಗಳನ್ನೂ ದಿನಾಂಕವಾಗಿಯೇ ಕೊಡಲಾಗಿತ್ತು. ಹೀಗೆ ಅಕ್ಷರದಲ್ಲಿ ಕೊಟ್ಟ ದಿನಾಂಕವನ್ನು ತಂತ್ರಾಂಶ ತನ್ನ ಮೂಲಕ್ಕೆ ತಕ್ಕಂತೆ ತಾನೇ ಪರಿವರ್ತಿಸಿಕೊಳ್ಳುವುದರಿಂದ ಆವೃತ್ತಿ ಬದಲಾದರೂ ಅದಕ್ಕೆ ಧಕ್ಕೆಯಿಲ್ಲ. ಅಲ್ಲಿ 1986ರಲ್ಲಿದ್ದ ನಾಲೆಯ ಗೆರೆ ಅಕ್ಷದ ಹೊರಗೆ ಉಳಿಯಿತು. ಒಡೆದಂತೆ ಕಂಡ ಗ್ರಾಫೇ ನಿಜ ಹೇಳುತ್ತಿತ್ತು, ಸರಿಯಾಗಿ ಕಂಡ ಗ್ರಾಫಿನಲ್ಲೇ ದೋಷವಿತ್ತು.

ಮೊದಲ ತಿದ್ದುಪಡಿ ಮತ್ತು ಅದರ ಹಿಂದೆ ಅಡಗಿದ್ದದ್ದು

ತಂಡದ ಕಿರಿಯ ಸದಸ್ಯರೊಬ್ಬರು ಈ ಕಾರಣವನ್ನು ತಾವೇ ಅರ್ಧ ಹುಡುಕಿದ್ದರು. ಹೊಸ ಆವೃತ್ತಿ ಯುನಿಕ್ಸ್ ಕಾಲಮಾನವನ್ನೇ ಬಳಸುತ್ತದೆ ಎಂದು ಓದಿ ತಿಳಿದು, ಕಳೆಯುವ, ಕೂಡಿಸುವ ಲೆಕ್ಕವನ್ನೆಲ್ಲ ಅಳಿಸಿ ಮೊದಲ ಕಾಲಮನ್ನು ಇದ್ದ ಹಾಗೆಯೇ ಕೊಟ್ಟರು. ಜೋಡಿ ಗ್ರಾಫಿನಲ್ಲಿ ನಾಲೆಯ ಗೆರೆ ಮರಳಿ ಬಂತು, ವರ್ಷವೂ ಸರಿಯಾಯಿತು. ಆ ಹಂಗಾಮಿನ ಗ್ರಾಫ್‌ಗಳು ಹಾಗೆಯೇ ಮುದ್ರಣಕ್ಕೂ ಹೋದವು.

ಅಳಿಸಿದ ಲೆಕ್ಕದಲ್ಲಿ 19800 ಕೂಡ ಸೇರಿತ್ತು. ಅದಕ್ಕೂ ಗ್ನೂಪ್ಲಾಟ್‌ನ ಆವೃತ್ತಿಗೂ ಯಾವ ಸಂಬಂಧವೂ ಇಲ್ಲ. ಲಾಗರ್ ಅಂತರರಾಷ್ಟ್ರೀಯ ಸಮಯದಲ್ಲಿ ಬರೆಯುವವರೆಗೆ ಅದು ಬೇಕೇ ಬೇಕು. ಅದು ಇಲ್ಲದಾದಾಗ ಎಲ್ಲ ಅಳತೆಗಳೂ ಐದೂವರೆ ಗಂಟೆ ಹಿಂದಕ್ಕೆ ಹೋದವು. ಐದು ತಿಂಗಳನ್ನು ಒಂದು ಪುಟದಲ್ಲಿ ತೋರಿಸುವ ಮಟ್ಟದ ಗ್ರಾಫಿನಲ್ಲಿ ಐದೂವರೆ ಗಂಟೆ ಎಂದರೆ ಗೆರೆಯ ದಪ್ಪಕ್ಕಿಂತ ಹೆಚ್ಚಿಲ್ಲ. ಆದರೆ ಮಳೆಯ ಲೆಕ್ಕದಲ್ಲಿ ಅದು ಬೇರೆಯೇ ರೂಪ ತಾಳಿತು, ಮತ್ತು ಆ ರೂಪವನ್ನು ವಿವರವಾಗಿ ಹೇಳಲೇಬೇಕು.

ಭಾರತದಲ್ಲಿ ದೈನಂದಿನ ಮಳೆಯನ್ನು ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರವರೆಗೆ ಎಣಿಸಿ, ಅಳತೆ ತೆಗೆದ ದಿನದ ಹೆಸರಿಗೆ ಬರೆಯುವುದು ರೂಢಿ. ಸ್ಕ್ರಿಪ್ಟ್ ಕೂಡ ಸ್ಥಳೀಯ ಸಮಯದಿಂದ ಎಂಟೂವರೆ ಗಂಟೆ ಕಳೆದು, ಉಳಿದದ್ದನ್ನು ದಿನಗಳಾಗಿ ಕತ್ತರಿಸಿ, ಒಂದೇ ದಿನಕ್ಕೆ ಸೇರಿದ ಮಗುಚುವಿಕೆಗಳನ್ನು ‘ಸ್ಮೂತ್ ಫ್ರೀಕ್ವೆನ್ಸಿ’ ಆದೇಶದಿಂದ ಒಟ್ಟುಗೂಡಿಸುತ್ತಿತ್ತು. ಐದೂವರೆ ಗಂಟೆ ತಪ್ಪಿಹೋದಾಗ ದಿನದ ಗಡಿ ಬೆಳಿಗ್ಗೆ 8:30ರ ಬದಲು ಮಧ್ಯಾಹ್ನ 2 ಗಂಟೆಗೆ ಸರಿಯಿತು. ಇದರಿಂದ ಸ್ಥಾನ ತಪ್ಪುವುದು ಬೆಳಿಗ್ಗೆ 8:30ರಿಂದ ಮಧ್ಯಾಹ್ನ 2ರ ನಡುವೆ ಬಿದ್ದ ಮಳೆ ಮಾತ್ರ. ಅದು ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ. ಮಂಡ್ಯದ ಸುತ್ತಮುತ್ತ ಮುಂಗಾರುಪೂರ್ವದ ಗುಡುಗುಮಳೆಯಾಗಲಿ ಸೆಪ್ಟೆಂಬರ್-ಅಕ್ಟೋಬರ್‌ನ ದೊಡ್ಡ ಮಳೆಯಾಗಲಿ ಹೆಚ್ಚಾಗಿ ಬೀಳುವುದು ಸಂಜೆಯ ಮೇಲೆ, ರಾತ್ರಿಯಲ್ಲಿ. ಅಂಥ ಮಳೆಯೆಲ್ಲ ತಪ್ಪು ಗಡಿಯಲ್ಲೂ ಸರಿಯಾದ ದಿನಕ್ಕೇ ಸೇರುತ್ತದೆ. ತಿಂಗಳ ಮೊತ್ತವೂ ಬದಲಾಗುವುದಿಲ್ಲ. ಹೀಗೆ ಹೋಲಿಕೆಗೆ ತೆಗೆದುಕೊಂಡ ಹೆಚ್ಚಿನ ದಿನಗಳು ಸರಿಹೊಂದುತ್ತಿದ್ದುದರಿಂದ ದೋಷ ಬಹುಕಾಲ ಮರೆಯಾಗಿಯೇ ಉಳಿಯಬಹುದಿತ್ತು.

ಅದನ್ನು ಹೊರಗೆ ತಂದದ್ದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಬಂದ ಒಂದು ಜಡಿಮಳೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹಿಡಿದ ಮಳೆ ಹನ್ನೆರಡರ ಹೊತ್ತಿಗೆ ಬಿಟ್ಟಿತ್ತು. ಲಾಗರ್‌ನ ಬಟ್ಟಲು 73 ಬಾರಿ ಮಗುಚಿತ್ತು, ಅಂದರೆ 14.6 ಮಿಲಿಮೀಟರ್. ಊರಿನ ಕೈ ಮಳೆಮಾಪಕದ ವಹಿಯಲ್ಲಿ ಸೋಮವಾರದ ಎದುರು ಸೊನ್ನೆ, ಮಂಗಳವಾರದ ಎದುರು ಸರಿಸುಮಾರು ಅಷ್ಟೇ ಮಳೆ ಇತ್ತು. ಹೊಸ ಗ್ರಾಫಿನಲ್ಲಿ ಆ ಕಂಬ ಸೋಮವಾರದ ಮೇಲೆ ನಿಂತಿತ್ತು. ಮೊತ್ತ ಹೊಂದಿ ದಿನ ಹೊಂದದಿರುವುದನ್ನು ಸಂಶೋಧನಾ ಸಹಾಯಕಿ ಗುರುತಿಸಿ, ಕೈ ವಹಿಯನ್ನು ಅನುಮಾನಿಸುವ ಮೊದಲು ಸ್ಕ್ರಿಪ್ಟನ್ನು ನೋಡಬೇಕೆಂದು ಪಟ್ಟು ಹಿಡಿದರು. ಉಪಕರಣದ ಅಂಕಿಗೂ ಮನುಷ್ಯ ಬರೆದ ಅಂಕಿಗೂ ಭಿನ್ನತೆ ಬಂದಾಗ ಮನುಷ್ಯನೇ ತಪ್ಪಿದ್ದಾನೆಂದು ತೀರ್ಮಾನಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಅವರು ಹಾಗೆ ಮಾಡದ್ದರಿಂದಲೇ ತನಿಖೆ ಮುಂದೆ ಹೋಯಿತು. ನನ್ನನ್ನು ಕರೆಸಿದ್ದೂ ಆ ಹಂತದಲ್ಲೇ.

ವಾರದ ಪಟ್ಟಿ

ಐದೂವರೆ ಗಂಟೆಯನ್ನು ಮರಳಿ ಸೇರಿಸಿದ ಮೇಲೆ ಮಳೆಯ ಗ್ರಾಫ್ ಸರಿಯಾಯಿತು. ಆದರೆ ವಾರವಾರದ ನೀರಿನ ಮೊತ್ತದ ಪಟ್ಟಿಯನ್ನು ನೀರುಗಂಟಿಗೆ ತೋರಿಸಿದಾಗ ಅವರು ಅದನ್ನು ಒಪ್ಪಲಿಲ್ಲ. “ಶನಿವಾರ ಬೆಳಿಗ್ಗೆ ತೂಬು ಎತ್ತಿ ಶುಕ್ರವಾರ ರಾತ್ರಿ ಇಳಿಸಿದ್ದು ಒಂದೇ ಸರದಿ ಮೇಡಂ. ನಿಮ್ಮ ಹಾಳೇಲಿ ಅದು ಎರಡು ವಾರ ಆಗಿ ಕೂತಿದೆಯಲ್ಲ, ರೈತರು ಕೇಳಿದ್ರೆ ಏನು ಹೇಳಲಿ?” ಎಂಬುದು ಅವರ ಪ್ರಶ್ನೆ. ಹಿಂದಿನ ವರ್ಷಗಳ ಪಟ್ಟಿಗಳಲ್ಲಿ ಒಂದು ಸರದಿ ಒಂದು ಸಾಲಿನಲ್ಲೇ ಇರುತ್ತಿತ್ತು. ಈಗ ಅದೇ ಸರದಿಯ ಐದು ದಿನ ಒಂದು ಸಾಲಿನಲ್ಲಿ, ಎರಡು ದಿನ ಮುಂದಿನ ಸಾಲಿನಲ್ಲಿ ಬಿದ್ದಿತ್ತು. ಮೇಲ್ನೋಟಕ್ಕೆ ಆ ವಾರ ನೀರು ಕಡಿಮೆ ಬಂದಂತೆಯೂ ನೀರಿಲ್ಲದ ಮುಂದಿನ ವಾರ ಕಳ್ಳತೂಬಿನಿಂದ ನೀರು ಹರಿದಂತೆಯೂ ಕಾಣುತ್ತಿತ್ತು. ಸಭೆಯಲ್ಲಿ ಇಂಥ ಹಾಳೆ ಎಷ್ಟು ಅನರ್ಥ ಮಾಡಬಲ್ಲದು ಎಂಬುದನ್ನು ನಾಲೆಯ ಊರುಗಳಲ್ಲಿ ಬದುಕಿದವರಿಗೆ ವಿವರಿಸಬೇಕಿಲ್ಲ.

ಇಲ್ಲಿಯೂ ಕಾರಣ ಎಣಿಕೆಯ ಮೂಲವೇ. ಸ್ಕ್ರಿಪ್ಟ್ ಸೆಕೆಂಡುಗಳನ್ನು 604800ರಿಂದ, ಅಂದರೆ ಏಳು ದಿನಗಳಿಂದ ಭಾಗಿಸಿ, ಪೂರ್ಣಾಂಕವನ್ನಷ್ಟೇ ಉಳಿಸಿಕೊಂಡು ವಾರವನ್ನು ನಿರ್ಧರಿಸುತ್ತಿತ್ತು. ಹಾಗೆ ಮಾಡಿದಾಗ ವಾರ ಶುರುವಾಗುವುದು ಎಣಿಕೆಯ ಸೊನ್ನೆ ವಾರದ ಯಾವ ದಿನ ಬಿದ್ದಿದೆಯೋ ಆ ದಿನದಿಂದ. 2000ದ ಜನವರಿ 1 ಶನಿವಾರ. 1970ರ ಜನವರಿ 1 ಗುರುವಾರ. ಎರಡು ಮೂಲಗಳ ನಡುವಿನ 10957 ದಿನಗಳನ್ನು ಏಳರಿಂದ ಭಾಗಿಸಿದರೆ ಎರಡು ದಿನ ಶೇಷ ಉಳಿಯುತ್ತದೆ, ಆ ಎರಡು ದಿನಗಳೇ ಪಟ್ಟಿಯಲ್ಲಿ ಸರಿದಿದ್ದವು. ದಿನದ ಲೆಕ್ಕಕ್ಕೆ ಈ ತೊಂದರೆ ಬರಲಿಲ್ಲ, ಏಕೆಂದರೆ ಅಂತರ ಪೂರ್ಣ ದಿನಗಳಲ್ಲೇ ಇದೆ.

ಶನಿವಾರದಿಂದ ವಾರ ಆರಂಭಿಸಬೇಕೆಂದು ಸ್ಕ್ರಿಪ್ಟ್ ಬರೆದವರು ಎಲ್ಲೂ ಸೂಚಿಸಿರಲಿಲ್ಲ. ಹಳೆಯ ಗ್ನೂಪ್ಲಾಟ್‌ನ ಸೊನ್ನೆ ಶನಿವಾರದಂದು ಬಿದ್ದದ್ದು ಆಕಸ್ಮಿಕ. ಆದರೆ ವರ್ಷಗಟ್ಟಲೆ ಪಟ್ಟಿಗಳು ಶನಿವಾರದಿಂದ ಬರುತ್ತಿದ್ದುದರಿಂದ ತಂಡದ ವಹಿಗಳೂ ಹಾಗೆಯೇ ರೂಪುಗೊಂಡಿದ್ದವು, ನೀರುಗಂಟಿಯೂ ತಮ್ಮ ಟಿಪ್ಪಣಿಗಳನ್ನು ಅದಕ್ಕೇ ಹೊಂದಿಸಿಕೊಂಡಿದ್ದರು. ಯಾರೂ ತೀರ್ಮಾನಿಸದ ಒಂದು ಕ್ರಮ ಕಾಲಕ್ರಮದಲ್ಲಿ ಎಲ್ಲರ ಕ್ರಮವಾಗಿತ್ತು. ಈ ಕಾರಣಕ್ಕಾಗಿ, ಹೊಸ ತಂತ್ರಾಂಶ ಗುರುವಾರ ಎನ್ನುತ್ತಿದೆ ಎಂದು ಕ್ಷೇತ್ರದ ರೂಢಿಯನ್ನು ಬದಲಿಸುವುದಕ್ಕಿಂತ ಶನಿವಾರವನ್ನು ಸ್ಕ್ರಿಪ್ಟಿನಲ್ಲಿ ಸ್ಪಷ್ಟವಾಗಿ ಬರೆಯುವುದೇ ಸರಿಯೆಂದು ನಾನು ಸಲಹೆ ಕೊಟ್ಟೆ, ತಂಡವೂ ಒಪ್ಪಿತು.

ಪರಿಹಾರ

ಆವೃತ್ತಿಯ ಸಂಖ್ಯೆಯನ್ನು ಪರೀಕ್ಷಿಸಿ ಹಳೆಯದಾದರೆ ಒಂದು ಲೆಕ್ಕ, ಹೊಸದಾದರೆ ಇನ್ನೊಂದು ಲೆಕ್ಕ ಎಂದು ಬರೆಯುವ ದಾರಿಯಿತ್ತು. ಗ್ನೂಪ್ಲಾಟ್ ತನ್ನ ಆವೃತ್ತಿಯನ್ನು ಒಂದು ಚರದಲ್ಲಿ ಇಟ್ಟಿರುವುದರಿಂದ ಅದು ಕಷ್ಟವೂ ಅಲ್ಲ. ಆದರೂ ಅದನ್ನು ಬಿಟ್ಟು, ಎಣಿಕೆಯ ಮೂಲವನ್ನು ತಂತ್ರಾಂಶದಿಂದಲೇ ಕೇಳುವ ದಾರಿ ಹಿಡಿದೆವು. ದಿನಾಂಕದ ಪಠ್ಯವನ್ನು ಸೆಕೆಂಡುಗಳಾಗಿ ಪರಿವರ್ತಿಸುವ ‘ಸ್ಟ್ರ್‌ಪಿಟೈಮ್’ ಕಾರ್ಯಕ್ಕೆ 1970ರ ಜನವರಿ 1 ಎಂಬ ದಿನಾಂಕವನ್ನು ಕೊಟ್ಟರೆ 4.6 ಆವೃತ್ತಿ −946684800 ಎನ್ನುತ್ತದೆ, 5.4 ಆವೃತ್ತಿ 0 ಎನ್ನುತ್ತದೆ. ಆ ಉತ್ತರವನ್ನು ಲಾಗರ್‌ನ ಸಂಖ್ಯೆಗೆ ಕೂಡಿಸಿದರೆ ಎರಡೂ ಆವೃತ್ತಿಗಳಲ್ಲಿ ಸರಿಯಾದ ಕ್ಷಣವೇ ಸಿಗುತ್ತದೆ. ಸ್ಕ್ರಿಪ್ಟಿನಲ್ಲಿ ಬರಿಗಣ್ಣಿಗೆ ಅರ್ಥವಾಗದ ಒಂಬತ್ತು ಅಂಕಿಯ ಸಂಖ್ಯೆ ಉಳಿಯಲಿಲ್ಲ.

ಭಾರತೀಯ ಸಮಯದ 19800ಕ್ಕೆ ಪ್ರತ್ಯೇಕ ಹೆಸರು ಕೊಟ್ಟು, ಲಾಗರ್ ಅಂತರರಾಷ್ಟ್ರೀಯ ಸಮಯದಲ್ಲಿ ಬರೆಯುತ್ತದೆ ಎಂಬ ಒಂದು ಸಾಲಿನ ಟಿಪ್ಪಣಿಯನ್ನು ಅದರ ಮೇಲೆಯೇ ಇಟ್ಟೆವು. ಎರಡು ಬೇರೆ ಬೇರೆ ಕಾರಣಗಳಿಗೆ ಬೇಕಾದ ಸಂಖ್ಯೆಗಳು ಒಂದೇ ಆವರಣದೊಳಗೆ ಕೂತಿದ್ದುದೇ ಮೊದಲ ತಿದ್ದುಪಡಿ ದಾರಿ ತಪ್ಪಲು ಕಾರಣವಾಗಿತ್ತು. ಮಳೆದಿನದ 8:30ಕ್ಕೂ ಹೆಸರು ಬಂತು. ವಾರದ ಲೆಕ್ಕದಲ್ಲಿ 2000ದ ಜನವರಿ 1, ಶನಿವಾರ ಎಂಬ ದಿನಾಂಕವನ್ನು ‘ಸ್ಟ್ರ್‌ಪಿಟೈಮ್’ ಮೂಲಕವೇ ಪಡೆದು, ಮೊದಲು ಅದನ್ನು ಕಳೆದು, ವಾರಗಳಾಗಿ ಕತ್ತರಿಸಿ, ಮತ್ತೆ ಅದನ್ನೇ ಕೂಡಿಸುವಂತೆ ಮಾಡಲಾಯಿತು. ಇವೆಲ್ಲವನ್ನೂ ಒಂದೇ ಫೈಲಿನಲ್ಲಿ ಬರೆದು, ಪ್ರತಿ ಸ್ಕ್ರಿಪ್ಟೂ ಆರಂಭದಲ್ಲಿ ಅದನ್ನು ‘ಲೋಡ್’ ಮಾಡಿಕೊಳ್ಳುವಂತೆ ಬದಲಿಸಿದ್ದರಿಂದ ಮುಂದೆ ಲಾಗರ್ ಬದಲಾದರೂ ತಿದ್ದಬೇಕಾದ ಜಾಗ ಒಂದೇ. ಹಂಗಾಮಿನ ಆರಂಭ, ಅಂತ್ಯವನ್ನು ಗುರುತಿಸುವ ಲಂಬ ಗೆರೆಗಳ ಸ್ಥಾನವನ್ನೂ ಹಿಂದೆ ಸೆಕೆಂಡುಗಳಲ್ಲಿ ಕೊಟ್ಟಿದ್ದರು, ಅವೂ ದಿನಾಂಕಗಳಾದವು. ಎಲ್ಲ ಗ್ರಾಫ್‌ಗಳ ಅಕ್ಷದಲ್ಲೂ ವರ್ಷ ಕಡ್ಡಾಯವಾಯಿತು.

ಒಂದು ಸ್ಕ್ರಿಪ್ಟ್ ಮಾತ್ರ ಯಾವ ತಿದ್ದುಪಡಿಯೂ ಇಲ್ಲದೆ ಎಣಿಕೆಯ ಮೂಲದ ಮಟ್ಟಿಗೆ ಸರಿಯಾಗಿತ್ತು ಎಂಬುದನ್ನೂ ಹೇಳಬೇಕು. ಅದರಲ್ಲಿ ಲಾಗರ್‌ನ ಕಾಲಮನ್ನು ಲೆಕ್ಕದ ಮೂಲಕ ಅಲ್ಲದೆ, ಕಾಲಮಾನದ ರೂಪ ಶೇಕಡಾ ಚಿಹ್ನೆಯ ಮುಂದೆ ‘ಎಸ್’, ಅಂದರೆ ಯುನಿಕ್ಸ್ ಸೆಕೆಂಡುಗಳು, ಎಂದು ಹೇಳಿ ಓದಿಸಲಾಗಿತ್ತು. ಆ ರೂಪ ಹಳೆಯ ಆವೃತ್ತಿಯಲ್ಲೂ 1970ರಿಂದಲೇ ಎಣಿಸುತ್ತಿತ್ತು, ಒಳಗಿನ ಪರಿವರ್ತನೆಯನ್ನು ತಂತ್ರಾಂಶ ತಾನೇ ಮಾಡಿಕೊಳ್ಳುತ್ತಿತ್ತು.

ಪರಿಶೀಲನೆ

ಹಳೆಯ, ಹೊಸ ಯಂತ್ರಗಳ ಗ್ರಾಫ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡುವುದರಿಂದ ಪ್ರಯೋಜನವಿರಲಿಲ್ಲ. ಬಣ್ಣ, ಅಕ್ಷರ, ಗೆರೆ ಎಲ್ಲವೂ ಬೇರೆಯಾಗಿದ್ದವು. ಅದರ ಬದಲು ‘ಸೆಟ್ ಟೇಬಲ್’ ಆದೇಶದಿಂದ ಗ್ರಾಫಿನ ಬಿಂದುಗಳನ್ನು ಚಿತ್ರವಾಗಿ ಅಲ್ಲದೆ ಅಂಕಿಗಳಾಗಿ ಬರೆಸಿ, ದಿನಾಂಕವನ್ನು ವರ್ಷ, ಗಂಟೆ, ನಿಮಿಷ ಸಹಿತ ಮುದ್ರಿಸುವಂತೆ ಅಕ್ಷದ ರೂಪವನ್ನು ಹೊಂದಿಸಿ, ಎರಡು ಯಂತ್ರಗಳ ಫೈಲ್‌ಗಳನ್ನು ಸಾಲು ಸಾಲಾಗಿ ಹೋಲಿಸಿದೆವು. ಹಳೆಯ ಯಂತ್ರವನ್ನು ಆ ಹೊತ್ತಿಗೆ ಗುಜರಿಗೆ ಹಾಕದೆ ಇಟ್ಟುಕೊಂಡಿದ್ದು ತುಂಬ ಉಪಕಾರವಾಯಿತು.

ಇದರ ಜೊತೆಗೆ ಉತ್ತರ ಮೊದಲೇ ಗೊತ್ತಿರುವ ಒಂದು ಪುಟ್ಟ ಪರೀಕ್ಷಾ ಫೈಲನ್ನು ಸಿದ್ಧಪಡಿಸಲಾಯಿತು. ಅದರ ಮೊದಲ ಸಾಲು 1470009600. ಅದು 2016ರ ಆಗಸ್ಟ್ 1ರ ಬೆಳಿಗ್ಗೆ 5:30 ಎಂದೇ ಬರಬೇಕು. ಮುಂದಿನ ಎರಡು ಸಾಲುಗಳು ಅದೇ ದಿನದ ಬೆಳಿಗ್ಗೆ 8:29 ಮತ್ತು 8:31. ಮೊದಲನೆಯದರ ಮಳೆ ಆಗಸ್ಟ್ 1ಕ್ಕೂ ಎರಡನೆಯದರ ಮಳೆ ಆಗಸ್ಟ್ 2ಕ್ಕೂ ಸೇರಬೇಕು. ಕೊನೆಯ ಎರಡು ಸಾಲುಗಳು ಆಗಸ್ಟ್ 5ರ ಶುಕ್ರವಾರ ರಾತ್ರಿ 11:45 ಮತ್ತು ಆಗಸ್ಟ್ 6ರ ಶನಿವಾರದ 0 ಗಂಟೆ. ಅವು ಬೇರೆ ಬೇರೆ ವಾರಗಳಿಗೆ ಹೋಗಬೇಕು. ಸ್ಕ್ರಿಪ್ಟ್‌ಗಳನ್ನು ಯಾರೇ ಮುಟ್ಟಿದರೂ, ತಂತ್ರಾಂಶ ಮತ್ತೆ ಬದಲಾದರೂ, ಮೊದಲು ಈ ಐದು ಸಾಲುಗಳನ್ನು ಓಡಿಸಿ ನೋಡುವುದು ಈಗ ತಂಡದ ನಿಯಮ.

ತಪ್ಪು ಗಡಿಯಲ್ಲಿ ಮುದ್ರಣಗೊಂಡಿದ್ದ ಮಳೆಯ ಗ್ರಾಫ್‌ಗಳನ್ನೂ ವಾರದ ಪಟ್ಟಿಗಳನ್ನೂ ಹಿಂತೆಗೆದುಕೊಂಡು, ತಿದ್ದಿದ ಪ್ರತಿಗಳನ್ನು ಬದಲಾವಣೆಯ ಕಾರಣ ವಿವರಿಸುವ ಟಿಪ್ಪಣಿಯೊಂದಿಗೆ ಹಳ್ಳಿಗಳ ನೀರು ಬಳಕೆದಾರರ ಗುಂಪುಗಳಿಗೆ ಕಳುಹಿಸಲಾಗಿದೆ. ನೀರುಗಂಟಿಯ ವಹಿಯಲ್ಲಿನ ಸರದಿಗಳನ್ನೂ ಲಾಗರ್‌ನ ವಾರದ ಮೊತ್ತಗಳನ್ನೂ ಒಂದೇ ಹಾಳೆಯಲ್ಲಿ ಎದುರುಬದುರಾಗಿ ಮುದ್ರಿಸುವ ಕ್ರಮವನ್ನು ಈ ಹಂಗಾಮಿನಿಂದ ಆರಂಭಿಸಲಾಗಿದ್ದು, ಹಾಳೆ ಸಭೆಗೆ ಹೋಗುವ ಮೊದಲು ನೀರುಗಂಟಿ ಅದನ್ನು ನೋಡಿ ಸಹಿ ಹಾಕುತ್ತಾರೆ.